ಓದುವ ಮಕ್ಕಳ ನಿದ್ದೆ: ಕಡಿಮೆ ಬಿದ್ದರೆ ತುಂಬಿಕೊಳ್ಳುವುದು ಹೇಗೆ?

ಸಂಕ್ರಾಂತಿ ಮುಗಿದು ಪೂರ್ವಸಿದ್ಧತಾ ಪರೀಕ್ಷೆಯ ವೇಳಾಪಟ್ಟಿ ಕೈಗೆ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಮಕ್ಕಳ ನಿದ್ದೆಗೆ. ರಾತ್ರಿ ಹನ್ನೆರಡರವರೆಗೆ ಓದು, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಓದು. ಕೆಲವು ಶಾಲೆಗಳ ಶಿಕ್ಷಕರು ಐದು ಗಂಟೆಗೇ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುತ್ತಾರೆ. ಅವರ ಕಾಳಜಿಯ ಬಗ್ಗೆ ಎರಡು ಮಾತಿಲ್ಲ. ಆದರೆ 'ಎದ್ದೀಯೇನಪಾ?' ಎಂದು ಕೇಳುವವರು ಹತ್ತು ಜನ ಇದ್ದರೆ, 'ರಾತ್ರಿ ಎಷ್ಟಕ್ಕೆ ಮಲಗಿದ್ದಿ?' ಎಂದು ಕೇಳುವವರು ಒಬ್ಬರೂ ಇರುವುದಿಲ್ಲ.

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಈ ಕಷ್ಟಕ್ಕೆ ಇನ್ನೊಂದು ಎಳೆ ಸೇರುತ್ತದೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಮಾಡಿಕೊಟ್ಟ ಪುನರ್ವಸತಿ ಊರುಗಳಿವು. ಮನೆಯೊಳಗೆ ಬಂಗಾಳಿ, ಶಾಲೆಯಲ್ಲಿ ಕನ್ನಡ. ಇಲ್ಲಿನ ಎಷ್ಟೋ ಮಕ್ಕಳು ವಿಜ್ಞಾನದ ಪಾಠವನ್ನು ಮೊದಲು ಭಾಷೆಯಾಗಿ ಬಿಡಿಸಿಕೊಂಡು, ಆಮೇಲೆ ವಿಷಯವಾಗಿ ಕಲಿಯಬೇಕು. ಇಮ್ಮಡಿ ನೆನಪಿನ ಕೆಲಸ ಇರುವವರಿಗೆ ನಿದ್ದೆಗೆಡುವುದು ಇನ್ನಷ್ಟು ದುಬಾರಿ. ಜೊತೆಗೆ ಸುತ್ತ ಭತ್ತದ ಗದ್ದೆ, ಸೊಳ್ಳೆ, ಬೇಸಿಗೆಯ ಧಗೆ, ಹೋಗಿ ಬರುವ ಕರೆಂಟು. 'ತಂಪಾದ ಪ್ರತ್ಯೇಕ ಕೋಣೆಯಲ್ಲಿ ಮಲಗಿ' ಎಂಬ ಪಟ್ಟಣದ ಸಲಹೆ ಎರಡು ಕೋಣೆಯ ಮನೆಯಲ್ಲಿ ಆರು ಜನ ಮಲಗುವಲ್ಲಿ ನಗೆಪಾಟಲು. ಹಾಗಾಗಿ ಇಲ್ಲಿನ ಮನೆಗಳಲ್ಲಿ ಆಗುವಂಥದ್ದನ್ನಷ್ಟೇ ನೋಡೋಣ.

ಓದಿದ್ದು ನಿಲ್ಲುವುದು ಮಲಗಿದ ಮೇಲೆ

1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿದರು. ಕೆಲವು ಸಲ ಕಲಿತ ಕೂಡಲೇ ಮಲಗಿಸಿದರು, ಕೆಲವು ಸಲ ಎಚ್ಚರವಾಗಿಯೇ ಇರಿಸಿದರು. ಅಷ್ಟೇ ಗಂಟೆ ಕಳೆದ ಮೇಲೆ ಕೇಳಿದಾಗ, ಮಲಗಿ ಎದ್ದ ಸಲವೇ ಅವರ ನೆನಪಿನಲ್ಲಿ ಹೆಚ್ಚು ಉಳಿದಿತ್ತು. ಅಂದಿನಿಂದ ನಡೆದ ನೂರಾರು ಪ್ರಯೋಗಗಳು ಈ ಮಾತನ್ನೇ ಬೇರೆ ಬೇರೆ ದಾರಿಯಲ್ಲಿ ಹೇಳಿವೆ. ಹಗಲು ಓದಿದ್ದನ್ನು ಮಿದುಳು ವಿಂಗಡಿಸಿ ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ.

ನಿದ್ದೆಯನ್ನು ತರುವ ಶಕ್ತಿಗಳು ಎರಡು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತ ಹೋಗುತ್ತದೆ, ಕಣ್ಣು ಎಳೆಯುವುದು ಅದರಿಂದ. ಮಲಗಿದರೆ ಅದು ಇಳಿಯುತ್ತದೆ. ಚಹಾ, ಕಾಫಿ ಅದನ್ನು ಇಳಿಸುವುದಿಲ್ಲ, ಅದು ಮಿದುಳಿಗೆ ತಟ್ಟದಂತೆ ಕೆಲ ಗಂಟೆ ಅಡ್ಡ ನಿಲ್ಲುತ್ತವೆ ಅಷ್ಟೆ. ಎರಡನೆಯದು ಹಗಲಿನ ಬೆಳಕಿಗೆ ಹೊಂದಿಕೊಂಡು ನಡೆಯುವ ದೇಹದ ಗಡಿಯಾರ. ಈ ಗಡಿಯಾರ ಜೀವಕೋಶದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂದು ತೋರಿಸಿದ ಹಾಲ್, ರೋಸ್‌ಬಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಹದಿಹರೆಯದಲ್ಲಿ ಈ ಗಡಿಯಾರ ತಾನಾಗಿಯೇ ಹಿಂದೆ ಬೀಳುತ್ತದೆ. ಹತ್ತನೇ ತರಗತಿಯ ಹುಡುಗನಿಗೆ ಅಜ್ಜನಂತೆ ಎಂಟೂವರೆಗೆ ನಿದ್ದೆ ಹತ್ತದಿರುವುದು, ಬೆಳಗ್ಗೆ ಎಬ್ಬಿಸಿದರೂ ಏಳಲಾಗದಿರುವುದು ಸೋಮಾರಿತನವಲ್ಲ, ವಯಸ್ಸಿನ ಗುಣ.

ಒಂದು ರಾತ್ರಿಯ ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತುಗಳಲ್ಲಿ ಗಾಢನಿದ್ದೆ ಹೆಚ್ಚು, ಬೆಳಗಿನ ಜಾವದ ಸುತ್ತುಗಳಲ್ಲಿ ಕನಸಿನ ನಿದ್ದೆ ಹೆಚ್ಚು. ಕಲಿಕೆಗೆ ಎರಡೂ ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಹೊಲವಿರುವವರಿಗೆ ಇದು ಬೇಗ ಹೊಳೆಯುತ್ತದೆ: ನೀರನ್ನು ಬೇಗ ನಿಲ್ಲಿಸಿದರೆ ಮೇಲ್ಭಾಗದ ಗದ್ದೆ ಹೇಗೋ ನೆನೆದಿರುತ್ತದೆ, ಒಣಗುವುದು ಕೊನೆಭಾಗ. ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಅಲಾರಂ ಇಟ್ಟವರ ಕನಸಿನ ನಿದ್ದೆಗೂ ಅದೇ ಗತಿ.

ಎಷ್ಟು ಬೇಕು? 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ. ಹದಿನೆಂಟು ದಾಟಿದ ಪದವಿ ವಿದ್ಯಾರ್ಥಿಗಳಿಗೆ ಕನಿಷ್ಠ 7 ಗಂಟೆ. 'ನನಗೆ ಐದು ಗಂಟೆ ಸಾಕು, ರೂಢಿಯಾಗಿದೆ' ಎನ್ನುವವರಿಗೆ ಒಂದು ಮಾತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರ ಗಮನಶಕ್ತಿ, ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ತಮಗೆ ಅಂಥ ನಿದ್ದೆಯೇನೂ ಬರುತ್ತಿಲ್ಲ ಎಂದೇ ಅವರು ಹೇಳುತ್ತಿದ್ದರು. ರೂಢಿಯಾಗುವುದು ನಿದ್ದೆಗೇಡಲ್ಲ, ಅದನ್ನು ಗುರುತಿಸದೆ ಇರುವುದು.

ಮಲಗುವ ಹೊತ್ತನ್ನು ಗೊತ್ತುಮಾಡುವ ಕ್ರಮ

ಹೆಚ್ಚಿನವರು ಓದು ಮುಗಿದ ಮೇಲೆ ಮಲಗುತ್ತಾರೆ. ಓದು ಎಂದಿಗೂ ಮುಗಿಯುವುದಿಲ್ಲ, ಹಾಗಾಗಿ ನಿದ್ದೆಗೆ ಉಳಿದದ್ದೇ ಪಾಲು. ಇದನ್ನು ತಿರುಗಿಸಿ ಹಾಕಬೇಕು.

1. ಮೊದಲು ಏಳುವ ಹೊತ್ತನ್ನು ನಿಶ್ಚಯಿಸಿ. ಸಿಂಧನೂರಿನ ಕಾಲೇಜಿಗೆ ಬಸ್ಸು ಹಿಡಿಯುವವರು ಬಸ್ಸಿನ ಹೊತ್ತಿನಿಂದ, ಊರಲ್ಲೇ ಶಾಲೆ ಇರುವವರು ಮನೆಗೆಲಸದ ಹೊತ್ತಿನಿಂದ ಲೆಕ್ಕ ಹಾಕಲಿ. ಈ ಹೊತ್ತು ಭಾನುವಾರವೂ ಒಂದು ಗಂಟೆಗಿಂತ ಹೆಚ್ಚು ಸರಿಯಬಾರದು. ದೇಹದ ಗಡಿಯಾರವನ್ನು ಹಿಡಿದಿಡುವುದು ಮಲಗುವ ಹೊತ್ತಿಗಿಂತ ಹೆಚ್ಚಾಗಿ ಏಳುವ ಹೊತ್ತು.

2. ಅಲ್ಲಿಂದ ಎಂಟೂವರೆ ಗಂಟೆ ಹಿಂದಕ್ಕೆ ಎಣಿಸಿ. ಎಂಟು ಗಂಟೆ ನಿದ್ದೆಗೆ, ಅರ್ಧ ಗಂಟೆ ನಿದ್ದೆ ಹತ್ತುವುದಕ್ಕೆ. ಆರಕ್ಕೆ ಏಳುವವರು ಒಂಬತ್ತೂವರೆಗೆ ಹಾಸಿಗೆಯಲ್ಲಿರಬೇಕು. ಮೇಷ್ಟ್ರ ಫೋನು ಐದಕ್ಕೆ ಬರುವುದಾದರೆ ಎಂಟೂವರೆಗೆ.

3. ಈಗ ಹನ್ನೊಂದಕ್ಕೆ ಮಲಗುತ್ತಿರುವವರು ನಾಳೆಯೇ ಒಂಬತ್ತೂವರೆಗೆ ಮಲಗಿದರೆ ಸೂರು ನೋಡುತ್ತ ಬಿದ್ದಿರಬೇಕಾಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಎರಡು ವಾರದಲ್ಲಿ ಗುರಿ ಮುಟ್ಟಬಹುದು.

4. ಎದ್ದ ಅರ್ಧ ಗಂಟೆಯೊಳಗೆ ಹೊರಗೆ ಬನ್ನಿ. ಅಂಗಳದಲ್ಲಿ, ಮಾಳಿಗೆಯ ಮೇಲೆ, ಎಲ್ಲಾದರೂ ಸರಿ, ಇಪ್ಪತ್ತು ನಿಮಿಷ ಬಯಲಿನ ಬೆಳಕು ಕಣ್ಣಿಗೆ ಬೀಳಲಿ. ಪುಸ್ತಕ ಹಿಡಿದೇ ಕೂತರೂ ಆದೀತು. ಹಿಂದೆ ಬಿದ್ದ ಹದಿಹರೆಯದ ಗಡಿಯಾರವನ್ನು ಮುಂದಕ್ಕೆ ತಳ್ಳಲು ಇದಕ್ಕಿಂತ ಒಳ್ಳೆಯ ಔಷಧವಿಲ್ಲ, ಇದಕ್ಕೆ ಖರ್ಚೂ ಇಲ್ಲ.

5. ಮಲಗುವ ಮುಕ್ಕಾಲು ಗಂಟೆ ಮೊದಲು ಹೊಸ ಪಾಠ ನಿಲ್ಲಿಸಿ. ಆ ಹೊತ್ತಿಗೆ ಕಂಠಪಾಠದ ಪದ್ಯ, ಸೂತ್ರ, ಕನ್ನಡ ಪದಗಳ ಅರ್ಥ ಇಂಥ ಹಗುರ ಪುನರಾವರ್ತನೆ ಇರಲಿ. ಬಿಡಿಸಲಾಗದ ಗಣಿತದ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಮಲಗಬೇಡಿ. ಅದರ ಪುಟಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟು ಮಲಗಿ.

6. ಮೊಬೈಲನ್ನು ಕೈಗೆಟುಕದ ಕಡೆ ಚಾರ್ಜಿಗೆ ಹಾಕಿ, ಅಡುಗೆಮನೆಯಾದರೆ ಒಳ್ಳೆಯದು. ಅದರ ಬೆಳಕು ಒಂದು ತೊಂದರೆ, ಅದರಲ್ಲಿನ ರೀಲ್ಸು, ಆಟ ಅದಕ್ಕಿಂತ ದೊಡ್ಡ ತೊಂದರೆ. 'ಅಲಾರಂಗೆ ಬೇಕು' ಎಂಬ ನೆಪ ಬೇಡ, ದೂರವಿಟ್ಟ ಅಲಾರಂ ನಿಲ್ಲಿಸಲು ಎದ್ದೇ ಹೋಗಬೇಕಾಗುವುದರಿಂದ ಅದೇ ಹೆಚ್ಚು ಉಪಯೋಗ.

7. ಚಹಾದ ಕೊನೆಯ ಕಪ್ಪು ಮಧ್ಯಾಹ್ನ ಮೂರಕ್ಕೆ. ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಎಂಟಕ್ಕೆ ಕುಡಿದ ಚಹಾ ನಡುರಾತ್ರಿ ದಾಟಿದರೂ ಮೈಯಲ್ಲಿ ಇರುತ್ತದೆ.

ಬ್ರಾಹ್ಮೀ ಮುಹೂರ್ತದ ಮಾತು ಬರದೆ ಇರದು. ಬೆಳಗಿನ ಜಾವದ ಓದು ತಲೆಗೆ ಹತ್ತುತ್ತದೆ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ಕತ್ತಲಾದ ಮೇಲೆ ಉಂಡು ಎಂಟಕ್ಕೆ ಮಲಗುತ್ತಿದ್ದವರು. ಮಾತಿನ ಒಂದು ತುದಿಯನ್ನು ಹಿಡಿದು ಇನ್ನೊಂದನ್ನು ಬಿಟ್ಟವರು ನಾವು. ಒಂಬತ್ತಕ್ಕೆ ಮಲಗಿ ಐದಕ್ಕೆ ಏಳುವ ಹುಡುಗಿ ಬೆಳಗಿನ ಜಾವ ಓದಲಿ, ಹನ್ನೊಂದಕ್ಕೆ ಮಲಗುವವಳು ಏಳಕ್ಕೇ ಏಳಲಿ. ಇಬ್ಬರಲ್ಲಿ ಯಾರೂ ಹೆಚ್ಚಲ್ಲ.

ಧಗೆ, ಸೊಳ್ಳೆ, ಹಾವು

ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಕಾವು ಸ್ವಲ್ಪ ಇಳಿಯಬೇಕು. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇ ಹೊತ್ತಿಗೆ ಹಗಲಿನ ತಾಪಮಾನ 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಆರ್‌ಸಿಸಿ ಮಾಳಿಗೆ ನಡುರಾತ್ರಿಯವರೆಗೂ ಕಾವು ಕಾರುತ್ತಿರುತ್ತದೆ. ತಗಡಿನ ಮನೆ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹಾಗಾಗಿ ಎರಡಕ್ಕೂ ಉಪಾಯ ಬೇರೆ. ಆರ್‌ಸಿಸಿ ಮನೆಯವರು ಬೇಸಿಗೆಗೆ ಮುಂಚೆ ಮಾಳಿಗೆಗೆ ಸುಣ್ಣ ಬಳಿದರೆ ಬಿಸಿಲು ಎರಚಿ ಹೋಗುತ್ತದೆ, ನೀರು ಇದ್ದವರು ಹೊತ್ತು ಮುಳುಗುವಾಗ ನಾಲ್ಕು ಕೊಡ ಚೆಲ್ಲಬಹುದು. ತಗಡಿನ ಮನೆಯವರು ಸಂಜೆಯಾದೊಡನೆ ಎದುರುಬದುರು ಕಿಟಕಿ, ಬಾಗಿಲು ತೆರೆದು ಗಾಳಿಯಾಡಿಸಿದರೆ ಸಾಕು.

ಮಲಗುವ ಒಂದು ಗಂಟೆ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆದುಕೊಳ್ಳಿ. ಧಗೆಯಲ್ಲಿ ಬೆಚ್ಚಗಿನ ನೀರೇ ಎಂದು ಮೂಗು ಮುರಿಯಬೇಡಿ. ಬಿಸಿಲಿಗೆ ಕಾದ ಟ್ಯಾಂಕಿನ ನೀರೇ ಆ ಹದದಲ್ಲಿರುತ್ತದೆ. ಅದು ಚರ್ಮದ ರಕ್ತನಾಳಗಳನ್ನು ಅರಳಿಸಿ ಒಳಗಿನ ಕಾವನ್ನು ಹೊರಗೆ ಬಿಡುತ್ತದೆ. ತೀರ ತಣ್ಣೀರು ಆ ದಾರಿಯನ್ನೇ ಮುಚ್ಚಿ ಎಚ್ಚರ ತರಿಸುತ್ತದೆ. ಒಣ ಧಗೆಯ ರಾತ್ರಿ ಟೇಬಲ್ ಫ್ಯಾನಿನ ಮುಂದೆ ಒದ್ದೆ ಬಟ್ಟೆ ತೂಗಹಾಕಿದರೆ ಗಾಳಿ ತಂಪಾಗುತ್ತದೆ. ಗದ್ದೆಗೆ ನೀರು ನಿಂತು ಸೆಕೆ ಹೆಚ್ಚಿದ ದಿನ ಇದರಿಂದ ಫಲವಿಲ್ಲ, ಬರಿ ಫ್ಯಾನು ಸಾಕು. ಕರೆಂಟು ಹೋದರೆ ನಿದ್ದೆ ಕೆಡುವುದು ಧಗೆಗಿಂತ ಹೆಚ್ಚಾಗಿ ಸೊಳ್ಳೆಯಿಂದ.

ಆದ್ದರಿಂದ ಈ ಭಾಗದ ವಿದ್ಯಾರ್ಥಿಗೆ ಕೊಡಬಹುದಾದ ಅತ್ಯುತ್ತಮ ಉಡುಗೊರೆ ಗೈಡ್ ಪುಸ್ತಕವಲ್ಲ, ಒಂದು ಸೊಳ್ಳೆ ಪರದೆ. ಬತ್ತಿಯ ಹೊಗೆ ಮುಚ್ಚಿದ ಕೋಣೆಯಲ್ಲಿ ಎದೆಗೆ ಕೆಟ್ಟದ್ದು, ಕರೆಂಟಿನ ದ್ರವ ಕರೆಂಟು ಹೋದಾಗ ಕೆಲಸಕ್ಕೆ ಬರುವುದಿಲ್ಲ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಗಿಸಬೇಕು, ಸುಮ್ಮನೆ ಇಳಿಬಿಟ್ಟರೆ ಪ್ರಯೋಜನ ಅರ್ಧ.

ಎಚ್ಚರಿಕೆ: ಗದ್ದೆ ಪಕ್ಕದ ಊರುಗಳಲ್ಲಿ ನೆಲದ ಮೇಲೆ ಮಲಗುವವರಿಗೆ ಕಟ್ಟುಹಾವಿನ ಭಯ ನಿಜವಾದದ್ದು. ಅದು ಓಡಾಡುವುದು ರಾತ್ರಿ, ಕಚ್ಚಿದರೆ ನೋವು ತೀರ ಕಡಿಮೆ, ಗುರುತೂ ಕಾಣದಿರಬಹುದು. ಮಂಚ ಅಥವಾ ಹೊರಸಿನ ಮೇಲೆ ಮಲಗುವುದು, ಪರದೆ ಸಿಗಿಸುವುದು ಇದಕ್ಕೂ ರಕ್ಷಣೆ. ನಡುರಾತ್ರಿ ಎದ್ದವರಿಗೆ ಕಾರಣವಿಲ್ಲದೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನುಂಗಲು ಕಷ್ಟ ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ ಸರ್ಕಾರಿ ಆಸ್ಪತ್ರೆ ಸೇರಿಸಿ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ಸುಖವೇ ಬೇರೆ. ಆದರೆ ಮೇ ತಿಂಗಳಲ್ಲಿ ಆರು ಗಂಟೆಗೆಲ್ಲ ಬೆಳಕು ಹರಿದಿರುತ್ತದೆ. ಅಲ್ಲಿ ಮಲಗುವವರು ರಾತ್ರಿ ಬೇಗ ಮೇಲೆ ಹೋಗಬೇಕು, ಇಲ್ಲವೇ ಕಣ್ಣಿನ ಮೇಲೆ ಮಡಚಿದ ಕರಿ ಬಟ್ಟೆ ಹಾಕಿಕೊಳ್ಳಬೇಕು.

ಮನೆಗೆಲಸ, ಹೊಲದ ಕೆಲಸ, ಪಾಳಿ

ನಿದ್ದೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮುಟ್ಟದ ವಿಷಯ ಇದು. ಒಂದೇ ಮನೆಯಲ್ಲಿ ಹತ್ತನೇ ತರಗತಿಯ ಹುಡುಗಿಯೂ ಪಿಯುಸಿ ಓದುವ ಅಣ್ಣನೂ ಇದ್ದರೆ ಇಬ್ಬರ ರಾತ್ರಿ ಒಂದೇ ಅಲ್ಲ. ಅವಳು ಎಲ್ಲರ ಊಟವಾದ ಮೇಲೆ ಪಾತ್ರೆ ತೊಳೆದು ಕಡೆಗೆ ಮಲಗುತ್ತಾಳೆ, ಕಸ ಗುಡಿಸಿ ನೀರು ಹಿಡಿಯಲು ಮೊದಲು ಏಳುತ್ತಾಳೆ. ಎರಡೂ ತುದಿ ಕತ್ತರಿಸಿದ ಆ ನಿದ್ದೆಯ ಮೇಲೆ ಅವಳು ಅಣ್ಣನಷ್ಟೇ ಅಂಕ ತರಬೇಕು. ಅಪ್ಪ ಅಮ್ಮ, ಇದು ನಿಮಗೆ: ಪರೀಕ್ಷೆಯ ಮೂರು ತಿಂಗಳು ಅವಳಿಗೆ ಒಂದು ತುದಿಯ ಕೆಲಸವನ್ನಾದರೂ ಬಿಡಿಸಿ. ರಾತ್ರಿಯ ಪಾತ್ರೆ ಬೆಳಗ್ಗೆಗೆ ನಿಲ್ಲಬಹುದು, ಅಥವಾ ಬೆಳಗಿನ ನೀರನ್ನು ಅಣ್ಣ ಹಿಡಿಯಬಹುದು. ಅವನ ಕೈ ಸವೆಯುವುದಿಲ್ಲ.

ಗಂಡುಮಕ್ಕಳ ನಿದ್ದೆ ಕೆಡುವುದು ಹೊಲದಲ್ಲಿ. ಕಾಲುವೆಗೆ ನೀರು ಬಂದಾಗ ಪಾಳಿ ರಾತ್ರಿ ಬಿದ್ದರೆ ಗದ್ದೆಗೆ ನೀರು ತಿರುಗಿಸಲು ಯಾರಾದರೂ ಹೋಗಲೇಬೇಕು. ಶಾಲೆಗೆ ಹೋಗುವ ಹುಡುಗನನ್ನೇ ಕಳಿಸಬೇಕಾಗಿ ಬಂದರೆ ನಡುರಾತ್ರಿಯ ಬದಲು ಬೆಳಗಿನ ಜಾವಕ್ಕೆ ಕಳಿಸಿ. ಒಂಬತ್ತರಿಂದ ಮೂರೂವರೆವರೆಗೆ ಒಂದೇ ಪಟ್ಟಿನ ಆರೂವರೆ ಗಂಟೆ ಸಿಕ್ಕರೆ, ಹನ್ನೊಂದರಿಂದ ಒಂದರವರೆಗೆ ಎದ್ದು ತುಂಡಾದ ಏಳು ಗಂಟೆಗಿಂತ ಮೇಲು. ಶಾಲೆಯಿಂದ ಬಂದ ಮೇಲೆ ಅರ್ಧ ಗಂಟೆ ಅಡ್ಡಾಗಲಿ. ಬ್ಯಾಟರಿ, ಬೂಟು ಮರೆಯಬಾರದು.

ಹಟ್ಟಿ ಚಿನ್ನದ ಗಣಿಯಲ್ಲಿ ಅಥವಾ ರೈಸ್ ಮಿಲ್ಲಿನಲ್ಲಿ ಅಪ್ಪ ರಾತ್ರಿ ಪಾಳಿ ಮಾಡುವ ಮನೆಗಳಲ್ಲಿ ಸದ್ದಿಗೆ ಎರಡು ಕಡೆ. ಹಗಲು ಅಪ್ಪನಿಗೆ ನಿದ್ದೆ ಬೇಕು, ರಾತ್ರಿ ಅಪ್ಪ ಹೊರಡುವಾಗ ಮಕ್ಕಳಿಗೆ ಎಚ್ಚರವಾಗುತ್ತದೆ. ಬುತ್ತಿ, ಬಟ್ಟೆ, ಗಾಡಿಯ ಕೀಲಿ ಎಲ್ಲವನ್ನೂ ಎಂಟಕ್ಕೇ ಬಾಗಿಲ ಬಳಿ ಜೋಡಿಸಿಟ್ಟರೆ ಅರ್ಧ ಸದ್ದು ಕಡಿಮೆ. ಓದುವವರು ಬಾಗಿಲಿಗೆ ದೂರದ ಮೂಲೆಯಲ್ಲಿ ಮಲಗಲಿ.

ಹೋದ ನಿದ್ದೆ ಮರಳಿ ಪಡೆಯುವುದು

ಮೊದಲು ಸಮಾಧಾನದ ಸಂಗತಿ. ಹೋದ ಗಂಟೆಗಳನ್ನೆಲ್ಲ ಎಣಿಸಿ ತೀರಿಸಬೇಕಿಲ್ಲ. ಅಮೆರಿಕದ ಸ್ಯಾನ್ ಡಿಯಾಗೊದ ರ‍್ಯಾಂಡಿ ಗಾರ್ಡ್‌ನರ್ ಎಂಬ 17 ವರ್ಷದ ಶಾಲಾ ಹುಡುಗ ವಿಜ್ಞಾನ ಮೇಳಕ್ಕೆಂದು 1963ರ ಡಿಸೆಂಬರ್ ಕೊನೆಯಿಂದ 1964ರ ಜನವರಿವರೆಗೆ ಹನ್ನೊಂದು ದಿನ, 264 ಗಂಟೆ, ಎಚ್ಚರವಾಗಿದ್ದ. ಆಮೇಲೆ ಮೊದಲ ಸಲ ಮಲಗಿದಾಗ ಅವನು ನಿದ್ದೆ ಮಾಡಿದ್ದು ಹದಿನಾಲ್ಕು ಗಂಟೆ ಚಿಲ್ಲರೆ. ಕಡಿಮೆ ಹೊತ್ತಿನಲ್ಲಿ ಹೆಚ್ಚು ಗಾಢವಾಗಿ ಮಲಗಿ ದೇಹ ಸರಿದೂಗಿಸಿಕೊಳ್ಳುತ್ತದೆ. (ಇಂಥದ್ದನ್ನು ಯಾರೂ ಮಾಡಿನೋಡಬೇಡಿ. ಗಿನ್ನೆಸ್‌ನವರೂ ಅಪಾಯವೆಂದು ಈ ದಾಖಲೆಯನ್ನು ಈಗ ಪರಿಗಣಿಸುವುದಿಲ್ಲ.)

ಅಸಮಾಧಾನದ ಸಂಗತಿಯೂ ಇದೆ. ದಣಿವು ಇಳಿಯುತ್ತದೆ, ಆ ರಾತ್ರಿ ಗಟ್ಟಿಯಾಗಬೇಕಿದ್ದ ಕಲಿಕೆ ಮರಳದಿರಬಹುದು. 2000ದಲ್ಲಿ ಹಾರ್ವರ್ಡ್ ಸಂಶೋಧಕರು ಕಣ್ಣಿನಿಂದ ಗುರುತಿಸುವ ಒಂದು ಕೌಶಲವನ್ನು ಕಲಿಸಿ, ಕೆಲವರನ್ನು ಆ ರಾತ್ರಿ ಮಲಗಗೊಡಲಿಲ್ಲ. ಮುಂದಿನ ಎರಡು ರಾತ್ರಿ ಅವರು ಸಾಕಷ್ಟು ಮಲಗಿದರೂ, ಉಳಿದವರಲ್ಲಿ ಕಂಡ ಸುಧಾರಣೆ ಅವರಲ್ಲಿ ಕಾಣಲಿಲ್ಲ. ಆದ್ದರಿಂದ ನಿದ್ದೆಗೆಟ್ಟು ಓದಿದ ಪಾಠವನ್ನು 'ಓದಿಯಾಯಿತು' ಎಂದು ಗೆರೆ ಹೊಡೆಯಬೇಡಿ. ಚೆನ್ನಾಗಿ ಮಲಗಿ ಎದ್ದ ದಿನ ಇನ್ನೊಮ್ಮೆ ತಿರುವಿಹಾಕಿ.

ತುಂಬಿಕೊಳ್ಳುವ ಮುಖ್ಯ ಸೂತ್ರ ಒಂದೇ: ಹೆಚ್ಚುವರಿ ನಿದ್ದೆಯನ್ನು ರಾತ್ರಿಯ ಮೊದಲ ತುದಿಗೆ ಸೇರಿಸಿ, ಬೆಳಗಿನ ತುದಿಗೆ ಅಲ್ಲ. ಭಾನುವಾರ ಹನ್ನೊಂದರವರೆಗೆ ಮಲಗಿದವರಿಗೆ ಅಂದು ರಾತ್ರಿ ಹನ್ನೆರಡಾದರೂ ನಿದ್ದೆ ಹತ್ತದು, ಸೋಮವಾರ ಮತ್ತೆ ಅದೇ ಪಾಡು. ಶನಿವಾರ ರಾತ್ರಿ ಒಂಬತ್ತಕ್ಕೇ ಮಲಗಿದವರಿಗೆ ಅಷ್ಟೇ ಗಂಟೆ ಸಿಗುತ್ತದೆ, ಗಡಿಯಾರ ಕೆಡುವುದಿಲ್ಲ.

ಒಂದೇ ರಾತ್ರಿ ಕೆಟ್ಟಿದ್ದರೆ (ಮದುವೆ, ಪೂಜೆ, ಆಸ್ಪತ್ರೆ, ಪ್ರಯಾಣ):

1. ಬೆಳಗ್ಗೆ ಮಾಮೂಲಿಗಿಂತ ಒಂದು ಗಂಟೆ ಮಾತ್ರ ತಡವಾಗಿ ಎದ್ದು ಬಿಸಿಲಿಗೆ ಬನ್ನಿ.
2. ಚಹಾ ಕುಡಿಯುವುದಾದರೆ ಮಧ್ಯಾಹ್ನದೊಳಗೆ.
3. ಮಧ್ಯಾಹ್ನ ಮೂರಕ್ಕೆ ಮುಂಚೆ ಇಪ್ಪತ್ತು ನಿಮಿಷ ಮಲಗಿ. ಅದು ಸಾಲದಷ್ಟು ದಣಿವಿದ್ದರೆ ಪೂರ್ತಿ ಒಂದೂವರೆ ಗಂಟೆ. ನಡುವೆ ಮುಕ್ಕಾಲು ಗಂಟೆಗೆ ಎದ್ದರೆ ಗಾಢನಿದ್ದೆಯ ಮಧ್ಯದಿಂದ ಎಬ್ಬಿಸಿದಂತಾಗಿ ತಲೆ ಭಾರವಾಗುತ್ತದೆ.
4. ರಾತ್ರಿ ಒಂದರಿಂದ ಒಂದೂವರೆ ಗಂಟೆ ಬೇಗ ಮಲಗಿ. ಅಷ್ಟಕ್ಕೆ ಮುಗಿಯಿತು.
5. ಅಂದು ಬೈಕು ಮುಟ್ಟಬೇಡಿ. ಹದಿನೇಳು ತಾಸು ಎಚ್ಚರವಿದ್ದವರ ಕೈಕಾಲಿನ ಚುರುಕು ಕುಡಿದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ವಾರಗಟ್ಟಲೆ ಕೆಟ್ಟಿದ್ದರೆ: ಹತ್ತರಿಂದ ಆರರವರೆಗೆ ಮಲಗಬೇಕಿದ್ದ ಹುಡುಗ ವಾರವಿಡೀ ಹನ್ನೆರಡೂವರೆಯಿಂದ ಐದರವರೆಗೆ ಮಾತ್ರ ಮಲಗಿದ್ದಾನೆ ಎನ್ನಿ. ಮೊದಲ ಮೂರು ರಾತ್ರಿ ಒಂಬತ್ತಕ್ಕೆ ಮಲಗಿ ಆರೂವರೆಗೆ ಏಳಲಿ, ಮಧ್ಯಾಹ್ನ ಅರ್ಧ ಗಂಟೆಯೊಳಗೆ ಜೊಂಪು ತೆಗೆಯಲಿ. ಮುಂದಿನ ನಾಲ್ಕು ರಾತ್ರಿ ಒಂಬತ್ತೂವರೆಯಿಂದ ಆರು. ಎರಡನೇ ದಿನಕ್ಕೇ ಆಕಳಿಕೆ ನಿಲ್ಲುತ್ತದೆ, ಆಗ 'ಸರಿಹೋದೆ' ಎಂದು ಮತ್ತೆ ಹನ್ನೆರಡಕ್ಕೆ ಹಾರುವವರೇ ಬಹಳ. ಗಮನಶಕ್ತಿ ಮರಳುವುದು ಆಕಳಿಕೆ ನಿಂತ ಎಷ್ಟೋ ದಿನದ ಮೇಲೆ, ಹಾಗಾಗಿ ವಾರ ಪೂರ್ತಿ ಮಾಡಿ.

ಇಡೀ ರಾತ್ರಿಯ ಕಾರ್ಯಕ್ರಮ ಮುಂಚೆಯೇ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಕ್ಯಾಂಪಿನ ದುರ್ಗಾಪೂಜೆ, ದೀಪಾವಳಿ ಅಮಾವಾಸ್ಯೆಯ ಕಾಳಿಪೂಜೆ, ಮುದಗಲ್ಲಿನ ಮೊಹರಂ, ಬನದ ಹುಣ್ಣಿಮೆಯ ಸೋಮಲಾಪುರ ಅಂಬಾಮಠದ ಜಾತ್ರೆ ಯಾವುದನ್ನೂ ಬಿಡಿ ಎಂದು ನಾನು ಹೇಳಲಾರೆ, ಹೇಳಿದರೂ ಯಾರೂ ಕೇಳಲಾರರು. ಹಿಂದಿನ ನಾಲ್ಕೈದು ರಾತ್ರಿ ಅರ್ಧ ಮುಕ್ಕಾಲು ಗಂಟೆ ಹೆಚ್ಚು ಮಲಗಿ, ಅಂದು ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಹೋಗಿ. ಮುಂಚೆ ತುಂಬಿಕೊಂಡ ನಿದ್ದೆ ಆ ರಾತ್ರಿಯ ಪೆಟ್ಟನ್ನು ನಿಜಕ್ಕೂ ತಗ್ಗಿಸುತ್ತದೆ.

ಪರೀಕ್ಷೆಯ ವಾರ

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಬೆಳಗ್ಗೆ ಹತ್ತರ ಆಸುಪಾಸಿಗೆ. ಎದ್ದ ಎರಡು ಮೂರು ಗಂಟೆಯ ಮೇಲೆ ಮಿದುಳು ಚುರುಕಾಗುವುದರಿಂದ ಆರಕ್ಕೆ ಏಳುವುದು ಸರಿಯಾದ ಹೊತ್ತು. ನೀಟ್ ಬೇರೆ ಕಥೆ. ಅದು ಮೇ ಬಿಸಿಲಲ್ಲಿ ಮಧ್ಯಾಹ್ನ ಎರಡಕ್ಕೆ ಶುರು, ದೇಹಕ್ಕೆ ಸಹಜವಾಗಿ ಜೊಂಪು ಬರುವ ಹೊತ್ತು. ನೀಟ್ ಬರೆಯುವವರು ಮೂರು ವಾರ ಮೊದಲಿನಿಂದ ಎರಡರಿಂದ ಐದರವರೆಗೆ ಅಭ್ಯಾಸ ಪತ್ರಿಕೆ ಬಿಡಿಸಲಿ, ಆ ಹೊತ್ತಿನ ನಿದ್ದೆ ಬಿಡಲಿ. ಅಂದಿನ ಊಟದಲ್ಲಿ ಅನ್ನ ಕಡಿಮೆ ಇರಲಿ. ಕೇಂದ್ರ ದೂರವಿದ್ದರೆ ಹಿಂದಿನ ದಿನವೇ ಹೋಗಿ, ಆದರೆ ನೆಂಟರ ಮನೆಯಲ್ಲಿ ಮಾತು ಹನ್ನೆರಡರವರೆಗೆ ಬೆಳೆಯಗೊಡಬೇಡಿ.

ಹಿಂದಿನ ರಾತ್ರಿ ನಿದ್ದೆ ಬರಲಿಲ್ಲವೆಂದು ಹೆದರಬೇಡಿ. ಹಿಂದಿನ ಎರಡು ವಾರ ಚೆನ್ನಾಗಿ ಮಲಗಿದ್ದರೆ ಒಂದು ಕೆಟ್ಟ ರಾತ್ರಿ ಅಂಕಪಟ್ಟಿಯನ್ನು ಕೆಡಿಸುವುದಿಲ್ಲ. ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಹತ್ತದಿದ್ದರೆ ಎದ್ದು ಕೂತು, ಮಂದ ಬೆಳಕಿನಲ್ಲಿ ಬೇಸರ ತರಿಸುವ ಏನನ್ನಾದರೂ ಓದಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಗಡಿಯಾರ ನೋಡಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಾಸಿಗೆಯ ಮೇಲೆಯೇ ಓದುವುದು. ಅಲ್ಲಿ ಓದಿದರೆ ನಿದ್ದೆ ಬರುತ್ತದೆ, ಅಲ್ಲಿ ಮಲಗಿದರೆ ಪಾಠ ನೆನಪಾಗುತ್ತದೆ. ಬೇರೆ ಜಾಗವಿಲ್ಲದಿದ್ದರೆ ಓದುವಾಗ ಹಾಸಿಗೆ ಸುತ್ತಿಡಿ.

ಸಂಜೆ ಆರಕ್ಕೆ ಶಾಲೆಯಿಂದ ಬಂದು ಎಂಟರವರೆಗೆ ಮಲಗುವುದು. ರಾತ್ರಿಗೆ ಕೂಡಿದ್ದ ನಿದ್ದೆ ಅಲ್ಲಿಗೇ ಖರ್ಚು. ಬಸ್ಸಿನಲ್ಲಿ ಬರುವಾಗ ಹತ್ತು ನಿಮಿಷ ಕಣ್ಣು ಮುಚ್ಚಿದರೆ ತೊಂದರೆಯಿಲ್ಲ.

ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬ ಅನ್ನ, ಸಾರು, ಮೀನು ಉಂಡು ನೇರ ಮಲಗುವುದು. ಊಟಕ್ಕೂ ನಿದ್ದೆಗೂ ಎರಡು ಗಂಟೆ ಅಂತರವಿರಲಿ.

ಮೆಡಿಕಲ್ ಅಂಗಡಿಯಿಂದ ನೆಗಡಿಯ ಗುಳಿಗೆ, ಕೆಮ್ಮಿನ ಔಷಧ ತಂದು ನಿದ್ದೆಗೆಂದು ಕುಡಿಯುವುದು, ಗೆಳೆಯ ಕೊಟ್ಟನೆಂದು ಎಚ್ಚರವಿರುವ ಗುಳಿಗೆ ನುಂಗುವುದು. ಎರಡೂ ಬೇಡವೇ ಬೇಡ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಎರಡು ವಾರ ದಿನಕ್ಕೆ ಎಂಟೊಂಬತ್ತು ಗಂಟೆ ಮಲಗಿದರೂ ತರಗತಿಯಲ್ಲಿ ತೂಕಡಿಕೆ ನಿಲ್ಲದಿದ್ದರೆ, ಜೋರು ಗೊರಕೆಯ ನಡುವೆ ಉಸಿರು ಕಟ್ಟಿದಂತಾಗುತ್ತಿದ್ದರೆ, ರಾತ್ರಿ ಕಾಲಲ್ಲಿ ಹರಿದಾಡಿದಂತಾಗಿ ಅಲುಗಾಡಿಸದೆ ಇರಲಾಗದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಕಾಲಿನ ಈ ತಳಮಳಕ್ಕೆ ಕಬ್ಬಿಣಾಂಶದ ಕೊರತೆ ಒಂದು ಕಾರಣ, ಹೆಣ್ಣುಮಕ್ಕಳಲ್ಲಿ ಅದು ಹೆಚ್ಚು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಹೆಚ್ಚಿನ ತಪಾಸಣೆ ಬೇಕಾದರೆ ರಾಯಚೂರಿನ ರಿಮ್ಸ್ ಇದೆ.

ನಿದ್ದೆ ಬಾರದಿರುವುದರ ಜೊತೆಗೆ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ನಿದ್ದೆಯ ತೊಂದರೆಯಷ್ಟೇ ಅಲ್ಲ. ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.